ಮಧ್ಯಾಹ್ನ ಎದ್ದೇಳುವ ಸರ್ಟಿಫಿಕೇಟ್, ಮತ್ತೆ ಕೆಲವು ಪತ್ರಗಳು

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಆಫೀಸಿನಲ್ಲಿ ಆರ್‌ಎಸ್‌ಎ ಬಿಟ್ಟು ಎಲಿಪ್ಟಿಕ್ ಕರ್ವ್ ಸರ್ಟಿಫಿಕೇಟ್ ಬಳಸಿ ಅಂದಿದ್ದಾರೆ, ಟೆಸ್ಟ್‌ಗಳೆಲ್ಲ ಮಲಗಿವೆ, ಏನು ಮಾಡೋದು ಅಂತ. ಸರ್ಟಿಫಿಕೇಟ್ ಅಂದರೆ ಸರ್ವರ್ ತಾನು ಯಾರು ಅಂತ ತೋರಿಸುವ, ಸಹಿ ಹಾಕಿದ ಡಿಜಿಟಲ್ ಗುರುತಿನ ಚೀಟಿ. ಆರ್‌ಎಸ್‌ಎ, ಎಲಿಪ್ಟಿಕ್ ಕರ್ವ್ ಎರಡೂ ಅದರ ಕೀ ಮಾಡುವ ಗಣಿತ ಪದ್ಧತಿಗಳು. ಪುಣೆಯ ಹಿಂಜವಡಿಯಲ್ಲಿ ನನ್ನ ದಿನದ ಕೆಲಸವೂ ಇದೇ ಆದ್ದರಿಂದ ಈ ಸಲ ಬೇರೆ ಪತ್ರಗಳನ್ನು ಪಕ್ಕಕ್ಕಿಟ್ಟಿದ್ದೇನೆ. ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಒಂದು, ಪೂರ್ತಿ ಕಮಾಂಡ್ ಇಲ್ಲಿ ಅಚ್ಚು ಹಾಕುವುದಿಲ್ಲ. ಪುಟ ಕಟ್ಟುವಾಗ ಪುಟ್ಟ ಹೈಫನ್ ಉದ್ದ ಗೆರೆಯಾಗುತ್ತದೆ, ನೀವು ಅದನ್ನೇ ಟೈಪ್ ಮಾಡಿ ನನ್ನನ್ನು ಬೈಯುತ್ತೀರಿ. ಹೆಜ್ಜೆ ಹೇಳುತ್ತೇನೆ, ಸರ್ಟಿಫಿಕೇಟ್ ಮಾಡಲು ಬಳಸುವ ಸಾಫ್ಟ್‌ವೇರ್ ಆದ ಓಪನ್‌ಎಸ್‌ಎಸ್‌ಎಲ್‌ನ ಕೈಪಿಡಿ ನಿಮ್ಮ ಮಷಿನ್‌ನಲ್ಲೇ ಇದೆ. ಇನ್ನೊಂದು, ಎರರ್ ಬಂದರೆ ಆ ಸಾಲನ್ನು ಅಕ್ಷರಶಃ ಬರೆದು ಕಳಿಸಿ. ಸ್ಕ್ರೀನಿಗೆ ಓರೆಯಾಗಿ ಮೊಬೈಲ್ ಹಿಡಿದು ತೆಗೆದ ಫೋಟೋದಲ್ಲಿ ಟ್ಯೂಬ್‌ಲೈಟ್ ಮಾತ್ರ ಚೆನ್ನಾಗಿ ಕಾಣಿಸುತ್ತದೆ.

ಪ್ರಶ್ನೆ: ಅಕ್ಕಾ, ಐರೋಲಿಯಲ್ಲಿ ನಮ್ಮದೊಂದು ಚಿಕ್ಕ ಕಂಪನಿ. ಅಂಗಡಿಗಳ ಬಿಲ್ಲಿಂಗ್ ಮಷಿನ್‌ಗಳು ನಮ್ಮ ಸರ್ವರ್‌ಗೆ ಲೆಕ್ಕ ಕಳಿಸುತ್ತವೆ. ಟೆಸ್ಟ್ ಸರ್ವರ್‌ಗೆ ಎಲಿಪ್ಟಿಕ್ ಕರ್ವ್ ಸರ್ಟಿಫಿಕೇಟ್ ಹಾಕಿದೆ. ಹಳೆಯ ಮಷಿನ್‌ಗಳು ‘ಹ್ಯಾಂಡ್‌ಶೇಕ್ ಫೇಲ್ಯೂರ್’ ಅನ್ನುತ್ತವೆ, ಸರ್ವರ್ ಲಾಗ್‌ನಲ್ಲಿ ‘ನೋ ಶೇರ್ಡ್ ಸೈಫರ್’ ಅಂತಿದೆ. ಬ್ರೌಸರ್‌ನದು ಬೇರೆಯೇ ರಾಗ, ಹೆಸರು ಹೊಂದುತ್ತಿಲ್ಲವಂತೆ. ಸರ್ಟಿಫಿಕೇಟ್ ಕೇಳಿ ಕಳಿಸುವ ರಿಕ್ವೆಸ್ಟ್‌ನಲ್ಲಿ ಹೆಸರು ಸರಿಯಾಗೇ ಇದೆ, ಮತ್ತೆ ಮತ್ತೆ ನೋಡಿದ್ದೇನೆ. ಯಾವ ಕರ್ವ್ ಆರಿಸಬೇಕು ಅನ್ನೋದೂ ತಿಳಿಯುತ್ತಿಲ್ಲ.
– ಡೊಂಬಿವಲಿ ಪೂರ್ವದ ಓದುಗ

ಉತ್ತರ: ನಿಮ್ಮದು ಎರಡು ಬೇರೆ ಬೇರೆ ರೋಗ. ಒಂದೇ ಅಂದುಕೊಂಡು ಒಂದೇ ಮದ್ದು ಹುಡುಕುತ್ತಿದ್ದೀರಿ.

ಮೊದಲು ಹಳೆಯ ಮಷಿನ್. ಸಂಪರ್ಕವನ್ನು ಗುಟ್ಟಾಗಿಡುವ ನಿಯಮಾವಳಿಗೆ ಟಿಎಲ್‌ಎಸ್ ಅಂತ ಹೆಸರು. ಟಿಎಲ್‌ಎಸ್ 1.2ರಲ್ಲಿ ಸೈಫರ್‌ನ, ಅಂದರೆ ಗೂಢಲಿಪಿ ಪದ್ಧತಿಯ, ಹೆಸರಿನೊಳಗೇ ಸರ್ಟಿಫಿಕೇಟ್ ಯಾವ ಜಾತಿಯದ್ದು ಅನ್ನೋದು ಸೇರಿಕೊಂಡಿರುತ್ತದೆ. ‘ಇಸಿಡಿಎಚ್‌ಇ-ಆರ್‌ಎಸ್‌ಎ’ ಅಂತ ಶುರುವಾದರೆ ಸರ್ವರ್ ಹತ್ತಿರ ಆರ್‌ಎಸ್‌ಎ ಕೀ ಬೇಕು. ‘ಇಸಿಡಿಎಚ್‌ಇ-ಇಸಿಡಿಎಸ್‌ಎ’ ಅಂದರೆ ಎಲಿಪ್ಟಿಕ್ ಕರ್ವ್ ಕೀ ಬೇಕು. ನಿಮ್ಮ ಬಿಲ್ಲಿಂಗ್ ಮಷಿನ್ ಹೊತ್ತು ತರುವ ಪಟ್ಟಿಯಲ್ಲಿ ಬರೀ ಮೊದಲನೇ ಜಾತಿ ಇದೆ, ಸರ್ವರ್‌ನಲ್ಲಿ ಬರೀ ಎರಡನೇದು. ಎರಡಕ್ಕೂ ಸಾಮಾನ್ಯವಾದದ್ದು ಒಂದೂ ಇಲ್ಲ. ಲಾಗ್ ಅದನ್ನೇ ಹೇಳುತ್ತಿದೆ. 2018ರಲ್ಲಿ ಬಂದ ಟಿಎಲ್‌ಎಸ್ 1.3ರಲ್ಲಿ ಈ ಗಂಟನ್ನು ಬಿಚ್ಚಿದ್ದಾರೆ. ಅಲ್ಲಿ ಸೈಫರ್‌ಗೂ ಸಹಿಗೂ ಬೇರೆ ಬೇರೆ ಪಟ್ಟಿ. ಹಳೆಯ ಮಷಿನ್ ಬದಲಾಯಿಸಲು ಆಗದಿದ್ದರೆ ಸರ್ವರ್‌ಗೆ ಎರಡೂ ಸರ್ಟಿಫಿಕೇಟ್ ಕೊಡಿ, ಆರ್‌ಎಸ್‌ಎದ್ದು ಒಂದು, ಕರ್ವ್‌ನದು ಒಂದು. ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ಸಾಫ್ಟ್‌ವೇರ್ 1.11ರಿಂದ ಇದಕ್ಕೆ ಒಪ್ಪುತ್ತದೆ, ಅಪಾಚೆ ಕೂಡ. ಬಂದ ಗಿರಾಕಿಗೆ ತಕ್ಕದ್ದನ್ನು ಸರ್ವರೇ ಆರಿಸಿಕೊಳ್ಳುತ್ತದೆ. ಓಪನ್‌ಎಸ್‌ಎಸ್‌ಎಲ್‌ನ ಟೆಸ್ಟ್ ಸರ್ವರ್‌ನಲ್ಲೂ ಎರಡನೇ ಸರ್ಟಿಫಿಕೇಟ್‌ಗೆ ಪ್ರತ್ಯೇಕ ಆಯ್ಕೆ ಇದೆ, ‘ಡಿ-ಸರ್ಟ್’ ಅಂತ.

ಇನ್ನು ಹೆಸರಿನ ಗಲಾಟೆ. ರಿಕ್ವೆಸ್ಟ್‌ನಲ್ಲಿ ಹೆಸರಿದೆ ಅಂದಿರಿ, ನಂಬುತ್ತೇನೆ. ಸಹಿ ಹಾಕಿ ಹೊರಬಂದ ಸರ್ಟಿಫಿಕೇಟ್ ತೆರೆದು ನೋಡಿದಿರಾ? ಅಲ್ಲಿ ಇರಲಿಕ್ಕಿಲ್ಲ. ‘ಎಕ್ಸ್509’ ಕಮಾಂಡ್‌ನಿಂದ ಸಹಿ ಹಾಕಿದಾಗ ರಿಕ್ವೆಸ್ಟ್‌ನಲ್ಲಿದ್ದ ಎಕ್ಸ್‌ಟೆನ್ಷನ್‌ಗಳು, ಅಂದರೆ ಈ ಹೆಸರಿನಂಥ ಹೆಚ್ಚುವರಿ ವಿವರಗಳು, ತಾವಾಗಿ ದಾಟಿ ಬರುವುದಿಲ್ಲ. ಸದ್ದಿಲ್ಲದೆ ಬಿದ್ದುಹೋಗುತ್ತವೆ, ಎಚ್ಚರಿಕೆಯ ಒಂದು ಸಾಲೂ ಬರೋದಿಲ್ಲ. ಒಂದೋ ಎಕ್ಸ್‌ಟೆನ್ಷನ್ ಫೈಲನ್ನು ಸಹಿ ಹಾಕುವಾಗಲೇ ಕೊಡಬೇಕು, ಇಲ್ಲಾ ಓಪನ್‌ಎಸ್‌ಎಸ್‌ಎಲ್ 3ರಲ್ಲಿ ‘ಕಾಪಿ ಎಕ್ಸ್‌ಟೆನ್ಷನ್ಸ್’ ಅಂತ ಬಾಯಿಬಿಟ್ಟು ಕೇಳಬೇಕು. ‘ಕಾಮನ್ ನೇಮ್’ನಲ್ಲಿ ಹೆಸರು ಇದೆಯಲ್ಲ ಅನ್ನಬೇಡಿ. ಕ್ರೋಮ್ 58, ಅಂದರೆ 2017ರಿಂದ, ಅದನ್ನು ತಿರುಗಿಯೂ ನೋಡುವುದಿಲ್ಲ. ‘ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್’ನಲ್ಲಿ ಇದ್ದರೆ ಮಾತ್ರ ಇದೆ ಅಂತ ಲೆಕ್ಕ. ಐಪಿ ನಂಬರ್‌ನಿಂದ ಸಂಪರ್ಕಿಸುತ್ತಿದ್ದರೆ ಅದನ್ನು ‘ಐಪಿ’ ಅಂತಲೇ ಬರೆಯಿರಿ, ‘ಡಿಎನ್‌ಎಸ್’ ಸಾಲಿನಲ್ಲಿ ತುರುಕಿದರೆ ನಡೆಯೋದಿಲ್ಲ. ಟೆಸ್ಟ್ ಸರ್ವರ್‌ಗೆ ಹೊಸ ಹೆಸರಿಡುವುದಾದರೆ ಕೊನೆಗೆ ‘ಡಾಟ್ ಟೆಸ್ಟ್’ ಇರಲಿ. 1999ರಿಂದ ಅದನ್ನು ಈ ಕೆಲಸಕ್ಕೇ ಮೀಸಲಿಟ್ಟಿದ್ದಾರೆ, ಯಾರೂ ಕೊಂಡುಕೊಳ್ಳಲಾರರು.

ಕರ್ವ್ ಯಾವುದು? ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಪಿ-256. 256 ಬಿಟ್‌ನ ಈ ಕರ್ವ್ ಒಡೆಯುವ ಕಷ್ಟ 3072 ಬಿಟ್‌ನ ಆರ್‌ಎಸ್‌ಎ ಒಡೆಯುವಷ್ಟೇ. ಕೀ ಚಿಕ್ಕದು, ಸಹಿ ಹಾಕೋದು ಬೇಗ, ನಿಮ್ಮ ಬಿಲ್ಲಿಂಗ್ ಮಷಿನ್‌ನಂಥ ಬಡಪಾಯಿಗೆ ಅದೇ ಬೇಕು. ಆದರೆ ಈ ಕರ್ವ್‌ಗೆ ಮೂರು ಹೆಸರು. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ ಪಿ-256 ಅನ್ನುತ್ತದೆ, ಓಪನ್‌ಎಸ್‌ಎಸ್‌ಎಲ್‌ನಲ್ಲಿ ಪ್ರೈಮ್256ವಿ1, ಟಿಎಲ್‌ಎಸ್ ದಾಖಲೆಗಳಲ್ಲಿ ಸೆಕ್‌ಪಿ256ಆರ್1. ಮೂರೂ ಒಂದೇ. ಪಟ್ಟಿಯಲ್ಲಿ ಅದರ ಹತ್ತಿರವೇ ಸೆಕ್‌ಪಿ256ಕೆ1 ಅಂತ ಇನ್ನೊಂದು ಕೂತಿರುತ್ತದೆ, ಒಂದೇ ಅಕ್ಷರ ವ್ಯತ್ಯಾಸ. ಅದು ಬಿಟ್‌ಕಾಯಿನ್‌ನ ಕರ್ವ್. ಓಪನ್‌ಎಸ್‌ಎಸ್‌ಎಲ್ ನಗುನಗುತ್ತಾ ಅದರಲ್ಲೂ ಕೀ ಮಾಡಿಕೊಡುತ್ತದೆ, ಸರ್ಟಿಫಿಕೇಟನ್ನೂ ಕೊಡುತ್ತದೆ, ಬ್ರೌಸರ್ ಮಾತ್ರ ಮುಟ್ಟುವುದಿಲ್ಲ. ‘ಆರ್’ ಇದೆಯಾ ‘ಕೆ’ ಇದೆಯಾ, ಬೆರಳಿಟ್ಟು ನೋಡಿ.

ಕೀ ಮಾಡುವಾಗ ಇನ್ನೂ ಒಂದು ಮುಳ್ಳು. ‘ಇಸಿ-ಪ್ಯಾರಮ್’ ಅನ್ನುವ ಹಳೆಯ ಕಮಾಂಡ್ ಬಳಸಿ ‘ನೋ-ಔಟ್’ ಸೇರಿಸದಿದ್ದರೆ ಕೀಗಿಂತ ಮೇಲೆ ‘ಇಸಿ ಪ್ಯಾರಾಮೀಟರ್ಸ್’ ಅಂತ ಒಂದು ತುಂಡು ಅಂಟಿಕೊಂಡು ಬರುತ್ತದೆ. ಕೆಲವು ಸಾಫ್ಟ್‌ವೇರ್ ಫೈಲಿನ ಮೊದಲ ತುಂಡನ್ನೇ ಕೀ ಅಂದುಕೊಂಡು ಮುಗ್ಗರಿಸುತ್ತವೆ. ‘ಜೆನ್-ಪಿಕೀ’ ಬಳಸಿದರೆ ಈ ತಲೆನೋವಿಲ್ಲ. ಮತ್ತೆ, ಕೀ ಒಳಗೆ ಕರ್ವ್‌ನ ಹೆಸರು ಮಾತ್ರ ಇರಬೇಕು, ಅದರ ಸೂತ್ರದ ಸಂಖ್ಯೆಗಳನ್ನೆಲ್ಲ ಬಿಡಿಸಿ ಬರೆದಿರಬಾರದು. ಹಾಗೆ ಬಿಡಿಸಿ ಬರೆದ ಸರ್ಟಿಫಿಕೇಟನ್ನು ಸರಿಯಾಗಿ ತಾಳೆ ನೋಡದೆ ವಿಂಡೋಸ್ ಎಡವಿದ್ದು 2020ರ ಜನವರಿಯಲ್ಲಿ ಸುದ್ದಿಯಾಗಿತ್ತು. ಅಸಲಿ ರೂಟ್‌ನ, ಅಂದರೆ ಕಂಪ್ಯೂಟರ್ ನಂಬುವ ಮೂಲ ಸರ್ಟಿಫಿಕೇಟ್‌ನ, ಸಾರ್ವಜನಿಕ ಕೀಗೆ ಹೊಂದುವ ಹಾಗೆ ತಮಗೆ ಬೇಕಾದ ಕರ್ವ್ ಹೊಸೆದು, ನಕಲಿ ಸಹಿ ದಾಟಿಸಬಹುದಿತ್ತು. ಮೈಕ್ರೋಸಾಫ್ಟ್‌ಗೆ ತಿಳಿಸಿದ್ದು ಅಮೆರಿಕದ ಎನ್‌ಎಸ್‌ಎ. ಬೇಹುಗಾರರೇ ಬಂದು ನಿಮ್ಮ ಬಾಗಿಲಿನ ಚಿಲಕ ಸಡಿಲ ಅಂದರೆ ಅದು ಎಷ್ಟು ಸಡಿಲ ಇರಬೇಕು ನೋಡಿ.

ಎಲ್ಲ ಮುಗಿದ ಮೇಲೆ ಓಪನ್‌ಎಸ್‌ಎಸ್‌ಎಲ್‌ನ ‘ಎಸ್-ಕ್ಲೈಂಟ್’ನಿಂದ ಸಂಪರ್ಕಿಸಿ ನೋಡಿ. ‘ಪಿಯರ್ ಸಿಗ್ನೇಚರ್ ಟೈಪ್’ ಸಾಲಿನಲ್ಲಿ ಇಸಿಡಿಎಸ್‌ಎ ಕಾಣಿಸಬೇಕು. ಪಕ್ಕದಲ್ಲಿ ಎಕ್ಸ್25519 ಅಂತಲೂ ಕಂಡರೆ ಗಾಬರಿ ಬೇಡ. ಅದು ಆ ಒಂದು ಸಂಪರ್ಕಕ್ಕೆ ಗುಟ್ಟಿನ ಕೀ ಹಂಚಿಕೊಳ್ಳಲು ಬಳಸಿದ ಕರ್ವ್, ನಿಮ್ಮ ಸರ್ಟಿಫಿಕೇಟ್‌ಗೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ಕೆಲಸ. ಬೆಳಿಗ್ಗೆ ಹತ್ತಕ್ಕೆ ಮಾಡಿದ ಟೆಸ್ಟ್ ಸರ್ಟಿಫಿಕೇಟ್ ಊಟದ ತನಕ ನಡೆಯುವುದಿಲ್ಲ. ನಾಲ್ಕರ ಚಹಾ ಹೊತ್ತಿಗೆ ನೋಡಿದರೆ ತಾನಾಗಿ ಸರಿಯಾಗಿರುತ್ತದೆ. ಗೋವಾ ಸರ್ಟಿಫಿಕೇಟ್ ಅಲ್ವಾ, ಅದಕ್ಕೂ ಮಧ್ಯಾಹ್ನದ ನಿದ್ದೆ ಬೇಕು ಅಂತ ಎಲ್ಲರೂ ನಗುತ್ತಾರೆ. ಕೋಡ್ 9 ಬರುತ್ತದೆ.
– ವಾಸ್ಕೋದ ಓದುಗರು

ಉತ್ತರ: ಕೋಡ್ 9 ಅಂದರೆ ‘ಇನ್ನೂ ಜಾರಿಗೆ ಬಂದಿಲ್ಲ’. ನಾಲ್ಕರ ಚಹಾ ಅಂದಿದ್ದೀರಿ, ನನ್ನ ಲೆಕ್ಕದಲ್ಲಿ ಅದು ಮೂರೂವರೆಗೇ ಎದ್ದಿರುತ್ತದೆ. ಸರ್ಟಿಫಿಕೇಟ್ ಒಳಗಿನ ಸಮಯ ಯಾವಾಗಲೂ ಯುಟಿಸಿ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಸರ್ಟಿಫಿಕೇಟ್ ಮಾಡುವ ವರ್ಚುವಲ್ ಮಷಿನ್‌ನಲ್ಲಿ ಟೈಮ್ ಝೋನ್ ಯುಟಿಸಿಯಲ್ಲೇ ಇದೆ. ಗಡಿಯಾರ ತಪ್ಪು ತೋರಿಸುತ್ತಿದೆ ಅಂತ ಯಾರೋ ಪುಣ್ಯಾತ್ಮರು ಗೋಡೆ ನೋಡಿ ಮುಳ್ಳು ತಿರುಗಿಸಿದ್ದಾರೆ. ಹಾಗಾಗಿ ಇಲ್ಲಿಯ ಹತ್ತು ಗಂಟೆ ಸರ್ಟಿಫಿಕೇಟ್‌ನಲ್ಲಿ ಯುಟಿಸಿ ಹತ್ತು ಗಂಟೆ ಎಂದು ದಾಖಲಾಗುತ್ತದೆ. ನಿಮ್ಮ ಉಪಕರಣಕ್ಕೆ ನೆಟ್‌ನಿಂದ ಸರಿಯಾದ ಸಮಯ ಗೊತ್ತು. ಅದು ಯುಟಿಸಿ ಹತ್ತಾಗುವ ತನಕ, ಅಂದರೆ ನಮ್ಮ ಮೂರೂವರೆ ತನಕ, ಕಾಯುತ್ತದೆ. ಝೋನ್ ಸರಿಪಡಿಸಿ, ಗಡಿಯಾರವನ್ನು ನೆಟ್‌ನಿಂದ ಸಮಯ ತರುವ ಎನ್‌ಟಿಪಿಗೆ ಒಪ್ಪಿಸಿ.

ಉಪಕರಣದ ಕಡೆಯೂ ಒಂದು ಕಣ್ಣಿರಲಿ. ಬ್ಯಾಟರಿ ಗಡಿಯಾರ ಇಲ್ಲದ ಬೋರ್ಡ್‌ಗಳು ಕರೆಂಟ್ ಹೋಗಿ ಬಂದರೆ 1970ರ ಜನವರಿ 1ಕ್ಕೆ ಹಿಂತಿರುಗುವುದುಂಟು. ಆಗ ಜಗತ್ತಿನ ಯಾವ ಸರ್ಟಿಫಿಕೇಟೂ ಅವುಗಳ ಪಾಲಿಗೆ ಹುಟ್ಟಿಲ್ಲ. ಮೊದಲು ಸಮಯ, ಆಮೇಲೆ ಟಿಎಲ್‌ಎಸ್.

ಪ್ರಶ್ನೆ: ನಮ್ಮ ಟೆಸ್ಟ್‌ನಲ್ಲಿ ಪಿ-256 ಸಹಿಯ ಉದ್ದ 71 ಬೈಟ್ ಇರಬೇಕು ಅಂತ ಹಿಂದಿನವರು ಬರೆದಿಟ್ಟಿದ್ದಾರೆ. ಒಮ್ಮೆ ಪಾಸ್, ಒಮ್ಮೆ ಫೇಲ್. ಕೋಡ್ ಒಂದಕ್ಷರ ಬದಲಾಗಿಲ್ಲ. ಲೈಬ್ರರಿಯಲ್ಲೇ ದೋಷ ಇದೆಯಾ?
– ಪುಣೆ, ವಾಕಡ್‌ನಿಂದ

ಉತ್ತರ: ಲೈಬ್ರರಿ ನಿರಪರಾಧಿ. ಇಸಿಡಿಎಸ್‌ಎ ಸಹಿ ಅಂದರೆ ಎರಡು ಸಂಖ್ಯೆ, ಒಂದೊಂದೂ 32 ಬೈಟ್. ಅವನ್ನು ಡಿಇಆರ್ ಪದ್ಧತಿಯಲ್ಲಿ ಕಟ್ಟುವಾಗ ಹೊದಿಕೆಗೆ 6 ಬೈಟ್. ಒಟ್ಟು 70. ಆದರೆ ಡಿಇಆರ್‌ನಲ್ಲಿ ಸಂಖ್ಯೆಯ ಮೊದಲ ಬಿಟ್ 1 ಆಗಿದ್ದರೆ ಅದು ಋಣ ಸಂಖ್ಯೆ ಅಂತ ಅರ್ಥ. ಅದನ್ನು ತಪ್ಪಿಸಲು ಮುಂದೆ ಒಂದು ಸೊನ್ನೆ ಬೈಟ್ ಸೇರಿಸುತ್ತಾರೆ. ಮೊದಲ ಬಿಟ್ 1 ಆಗುವುದು ಹೆಚ್ಚುಕಡಿಮೆ ಅರ್ಧ ಸಲ. ಇಂಥ ಸಂಖ್ಯೆ ಎರಡು ಇರುವುದರಿಂದ ಕಾಲು ಭಾಗ ಸಲ 70, ಅರ್ಧ ಸಲ 71, ಕಾಲು ಭಾಗ ಸಲ 72. ಅಪರೂಪಕ್ಕೆ ಇನ್ನೂ ಚಿಕ್ಕದೂ ಬರುತ್ತದೆ. ನಿಮ್ಮ ಹಿಂದಿನವರು ಅದೃಷ್ಟದ ಒಂದು ದಿನ ಬರೆದಿದ್ದಾರೆ ಅಷ್ಟೇ. ಸರ್ಟಿಫಿಕೇಟ್‌ನ ಕೊನೆಗೂ ಇಂಥದ್ದೇ ಸಹಿ ಇರುವುದರಿಂದ ಅದರ ಉದ್ದವೂ ಒಂದೆರಡು ಬೈಟ್ ಹಿಗ್ಗಿ ಕುಗ್ಗುತ್ತದೆ. ಉದ್ದ ಅಳೆಯುವುದು ಬಿಟ್ಟು ಸಹಿ ಸರಿಯಾಗಿದೆಯಾ ಅಂತ ಪರೀಕ್ಷಿಸಿ.

ಒಂದೇ ಕೀ, ಒಂದೇ ವಿಷಯ, ಆದರೂ ಪ್ರತಿ ಸಲ ಬೇರೆ ಸಹಿ ಯಾಕೆ ಅಂತಲೂ ಯಾರಾದರೂ ಕೇಳುತ್ತಾರೆ. ಪ್ರತಿ ಸಹಿಗೂ ಒಳಗೆ ಹೊಸದೊಂದು ಗುಟ್ಟಿನ ಸಂಖ್ಯೆ ಬೇಕು. ಎರಡು ಬೇರೆ ಬೇರೆ ವಿಷಯಗಳ ಸಹಿಗೆ ಅದು ಒಂದೇ ಆದರೆ ಪ್ರೈವೇಟ್ ಕೀಯನ್ನೇ ಲೆಕ್ಕ ಹಾಕಿ ತೆಗೆಯಬಹುದು. ಸೋನಿಯ ಪ್ಲೇಸ್ಟೇಷನ್ 3ರಲ್ಲಿ ಆ ಸಂಖ್ಯೆ ಬದಲಾಗುತ್ತಲೇ ಇರಲಿಲ್ಲ ಅಂತ 2010ರ ಕೊನೆಯಲ್ಲಿ ಬರ್ಲಿನ್‌ನ ಹ್ಯಾಕರ್ ಸಮ್ಮೇಳನದಲ್ಲಿ ತೋರಿಸಿದರು. ಟೆಸ್ಟ್‌ಗೆ ಪ್ರತಿ ಸಲ ಅದೇ ಸಹಿ ಬರಲೇಬೇಕು ಅಂತಿದ್ದರೆ, ಆ ಸಂಖ್ಯೆಯನ್ನು ಕೀ ಮತ್ತು ವಿಷಯದಿಂದಲೇ ಹುಟ್ಟಿಸುವ ಆರ್‌ಎಫ್‌ಸಿ 6979 ವಿಧಾನ ಇದೆ. ನಿಮ್ಮ ಲೈಬ್ರರಿಯಲ್ಲಿ ಇದೆಯಾ ನೋಡಿ. ನೀವೇ ಸಂಖ್ಯೆ ಆರಿಸಲು ಹೋಗಬೇಡಿ.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತ. ಮಗ ಮನೆಯಲ್ಲಿ ಕೂತು ತಾನೇ ಸರ್ಟಿಫಿಕೇಟ್ ತಯಾರಿಸುತ್ತಾನೆ, ‘ಅಥಾರಿಟಿ’ಯೂ ತಾನೇ ಅನ್ನುತ್ತಾನೆ. ನಮ್ಮ ಕಾಲದಲ್ಲಿ ಇದಕ್ಕೆ ಪೊಲೀಸರು ಬರುತ್ತಿದ್ದರು. ಕಾನೂನಿಗೆ ವಿರುದ್ಧವಲ್ಲವೇ?
– ಮಾಟುಂಗದ ಹಿರಿಯ ಓದುಗರು

ಉತ್ತರ: ಯಾರೂ ಬರುವುದಿಲ್ಲ ಸರ್, ಆರಾಮಾಗಿರಿ. ನೀವು ನೆನೆಸುತ್ತಿರುವುದು ಆದಾಯ ತೆರಿಗೆ, ಜಿಎಸ್‌ಟಿ ಕಾಗದಗಳಿಗೆ ಹಾಕುವ ಡಿಜಿಟಲ್ ಸಹಿ. ಅದನ್ನು ಐಟಿ ಕಾಯ್ದೆ 2000ರಂತೆ ಲೈಸೆನ್ಸ್ ಇರುವವರು ಮಾತ್ರ ಕೊಡಬಹುದು. ಮಗ ಮಾಡಿದ್ದನ್ನು ಅವನ ಕಂಪ್ಯೂಟರ್ ಬಿಟ್ಟರೆ ಯಾರೂ ನಂಬುವುದಿಲ್ಲ, ಅವನಿಗೂ ಅಷ್ಟೇ ಬೇಕಿರೋದು.

ಆದರೆ ಅವನಿಗೆ ಒಂದು ಮಾತು ಹೇಳಿ. ಆ ಅಥಾರಿಟಿಯ ರೂಟ್ ಕೀ ಕೈಗೆ ಸಿಕ್ಕವರು ನಿಮ್ಮ ಮನೆಯ ಕಂಪ್ಯೂಟರ್‌ಗೆ ಯಾವ ಬ್ಯಾಂಕಿನ ವೇಷವನ್ನಾದರೂ ಹಾಕಿ ತೋರಿಸಬಹುದು. 2015ರಲ್ಲಿ ಲೆನೊವೊ ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಅನ್ನುವ ಜಾಹೀರಾತು ಸಾಫ್ಟ್‌ವೇರ್ ಎಲ್ಲದರಲ್ಲೂ ಒಂದೇ ರೂಟ್ ಕೀ ಇಟ್ಟಿತ್ತು, ಅದು ಬಯಲಾಗಿ ದೊಡ್ಡ ರಾದ್ಧಾಂತವಾಯಿತು. ನೀವು ನೆಟ್‌ಬ್ಯಾಂಕಿಂಗ್ ಮಾಡುವ ಕಂಪ್ಯೂಟರ್‌ನಲ್ಲಿ ಅವನು ತನ್ನ ರೂಟ್ ಸೇರಿಸದಿರಲಿ. ಟೆಸ್ಟ್‌ಗೆ ಬೇರೆ ಬ್ರೌಸರ್ ಪ್ರೊಫೈಲ್ ಅಲ್ಲ, ಬೇರೆ ಮಷಿನ್.

ಪ್ರಶ್ನೆ: ಪಿ-256 ಒಳಗೆ ಕಳ್ಳಬಾಗಿಲು ಇದೆ ಅಂತಾರೆ. ಅದರ ಬದಲು ಇಡಿ25519 ಅನ್ನುವ ಸಹಿ ಪದ್ಧತಿ ಯಾಕೆ ಬಳಸಬಾರದು? ಕ್ವಾಂಟಮ್ ಕಂಪ್ಯೂಟರ್ ಬಂದರೆ ಇದೆಲ್ಲ ವ್ಯರ್ಥ ಅಲ್ವಾ?
– ಪುಣೆಯ ಎಂಜಿನಿಯರಿಂಗ್ ವಿದ್ಯಾರ್ಥಿನಿ

ಉತ್ತರ: ಪಿ-256ನ ಸಂಖ್ಯೆಗಳು ಹುಟ್ಟಿದ ಬೀಜ ಎಲ್ಲಿಂದ ಬಂತು ಅಂತ ಯಾರೂ ವಿವರಿಸಿಲ್ಲ. ಅನುಮಾನ ಅಲ್ಲಿಂದ ಶುರು. ಕಳ್ಳಬಾಗಿಲು ಇದೆ ಅಂತ ಯಾರೂ ತೋರಿಸಿಲ್ಲ ಕೂಡ. 2013ರಲ್ಲಿ ಗಲಾಟೆಯಾದದ್ದು ಡ್ಯುಯಲ್ ಇಸಿ ಅನ್ನುವ ಬೇರೆಯೇ ಒಂದು ಯಂತ್ರ, ಅದು ಯಾದೃಚ್ಛಿಕ ಸಂಖ್ಯೆ ಕೊಡುವಂಥದ್ದು. ಇಡಿ25519 ಚೆನ್ನಾಗಿದೆ, ಓಪನ್‌ಎಸ್‌ಎಸ್‌ಎಲ್ 1.1.1ರಿಂದ ಇದೆ, ನಿಮ್ಮದೇ ಎರಡು ಪ್ರೋಗ್ರಾಂ ಮಾತಾಡಿಕೊಳ್ಳಲು ಧಾರಾಳವಾಗಿ ಬಳಸಿ. ಸಾರ್ವಜನಿಕ ವೆಬ್‌ಸೈಟ್‌ಗೆ ಆ ಸರ್ಟಿಫಿಕೇಟ್ ನಡೆಯುವುದಿಲ್ಲ. ನಾಳೆ ಬಳಸಲಾಗದ್ದನ್ನು ಇವತ್ತು ಟೆಸ್ಟ್ ಮಾಡಿ ಏನು ಪ್ರಯೋಜನ?

ಕ್ವಾಂಟಮ್ ವಿಷಯ ನಿಜ. ಗಣಿತಜ್ಞ ಪೀಟರ್ ಶೋರ್ 1994ರಲ್ಲೇ ದಾರಿ ತೋರಿಸಿದ್ದಾರೆ, ಅಂಥ ದೊಡ್ಡ ಮಷಿನ್ ಬಂದ ದಿನ ಆರ್‌ಎಸ್‌ಎಯೂ ಇರುವುದಿಲ್ಲ, 1985ರಲ್ಲಿ ಕೋಬ್ಲಿಟ್ಸ್ ಮತ್ತು ಮಿಲ್ಲರ್ ಬೇರೆ ಬೇರೆಯಾಗಿ ಕಂಡುಕೊಂಡ ಈ ಕರ್ವ್ ವಿದ್ಯೆಯೂ ಇರುವುದಿಲ್ಲ. ಎನ್‌ಐಎಸ್‌ಟಿ 2024ರ ಆಗಸ್ಟ್‌ನಲ್ಲಿ ಹೊಸ ಮಾನದಂಡ ಕೊಟ್ಟಿದೆ. ಆದರೆ ಅವಸರ ಇರುವುದು ಕೀ ಹಂಚಿಕೊಳ್ಳುವ ಭಾಗಕ್ಕೆ, ಯಾಕೆಂದರೆ ಇವತ್ತು ಕದ್ದಿಟ್ಟ ಮಾತುಕತೆಯನ್ನು ಮುಂದೆ ಬಿಡಿಸಬಹುದು. ಮುಗಿದುಹೋದ ಸಂಪರ್ಕಕ್ಕೆ ಆಮೇಲೆ ಬಂದು ನಕಲಿ ಸಹಿ ಹಾಕಲು ಆಗುವುದಿಲ್ಲ. ಹಾಗಾಗಿ ಸರ್ಟಿಫಿಕೇಟ್‌ಗೆ ಇನ್ನೂ ಸ್ವಲ್ಪ ಸಮಯ ಇದೆ.

ಪ್ರಶ್ನೆ: ಟೆಸ್ಟ್‌ನಲ್ಲಿ ಸರ್ಟಿಫಿಕೇಟ್ ತಪಾಸಣೆಯನ್ನೇ ಆಫ್ ಮಾಡಿಬಿಡಿ, ಇಷ್ಟೆಲ್ಲ ಸರ್ಕಸ್ ಯಾಕೆ ಅಂತ ನಮ್ಮ ಲೀಡ್ ಹೇಳುತ್ತಾರೆ. ಸರಿಯೇ?
– ಠಾಣೆಯ ಓದುಗರು

ಉತ್ತರ: ಅಲ್ಲ. ಟಿಸಿ ಇಲ್ಲದ ದಿನ ಲೋಕಲ್‌ನಲ್ಲಿ ಹೋಗಿಬಂದು, ನನ್ನ ಪಾಸ್ ಸರಿಯಾಗೇ ಇದೆ ಅಂದ ಹಾಗಾಯಿತು. ತಪಾಸಣೆ ಆಫ್ ಮಾಡಿದ ಆ ಒಂದು ಸಾಲು ಟೆಸ್ಟ್ ಫೋಲ್ಡರ್‌ನಲ್ಲೇ ಉಳಿಯುತ್ತದೆ ಅನ್ನುವ ಗ್ಯಾರಂಟಿಯೂ ಇಲ್ಲ. ಬಿಡುಗಡೆಯ ಹಿಂದಿನ ರಾತ್ರಿ ಯಾರೋ ಕಾಪಿ ಮಾಡುತ್ತಾರೆ.

ಆಫ್ ಮಾಡದೆಯೂ ಮೋಸ ಹೋಗಬಹುದು. ‘ಎಸ್-ಕ್ಲೈಂಟ್’ ಸರ್ಟಿಫಿಕೇಟ್ ಕೆಟ್ಟದ್ದಾದರೂ ಎರರ್ ಸಾಲು ಬರೆದು ಸಂಪರ್ಕ ಮುಂದುವರಿಸುತ್ತದೆ. ಹೆಸರನ್ನು ನೀವು ಹೇಳದೆ ತಾಳೆ ನೋಡುವುದೇ ಇಲ್ಲ. ‘ವೆರಿಫೈ ರಿಟರ್ನ್ ಎರರ್’, ‘ವೆರಿಫೈ ಹೋಸ್ಟ್‌ನೇಮ್’ ಎರಡನ್ನೂ ಸೇರಿಸಿ, ಆಮೇಲೆ ಪಾಸ್ ಅನ್ನಿ.

ನಿಮ್ಮ ಲೀಡ್‌ಗೆ ಹೇಳಿ: ಚಿಕ್ಕದೊಂದು ರೂಟ್ ಮಾಡೋಣ, ಅದನ್ನು ಟೆಸ್ಟ್ ಕ್ಲೈಂಟ್‌ಗೆ ಮಾತ್ರ ನಂಬಿಸೋಣ. ಪ್ರತಿ ಸಲ ಟೆಸ್ಟ್ ಓಡುವಾಗ ಸ್ಕ್ರಿಪ್ಟೇ ಹೊಸ ಕೀ, ಹೊಸ ಸರ್ಟಿಫಿಕೇಟ್ ಹುಟ್ಟಿಸಲಿ. ಪಿ-256 ಕೀ ಹುಟ್ಟಲು ಕಣ್ಣು ಮಿಟುಕಿಸುವಷ್ಟೂ ಹೊತ್ತು ಬೇಡ. ರೆಪಾಸಿಟರಿಯಲ್ಲಿ ಇಟ್ಟ ಹಳೆಯ ಸರ್ಟಿಫಿಕೇಟ್ ಅವಧಿ ಮುಗಿಯುವುದು ಯಾವಾಗಲೂ ಅದನ್ನು ಮಾಡಿದವರು ಕೆಲಸ ಬಿಟ್ಟು ಹೋದ ಮೇಲೆ.

ಇಷ್ಟಾದರೆ ಅರ್ಧ ಕೆಲಸ. ಒಳ್ಳೆಯ ಸರ್ಟಿಫಿಕೇಟ್‌ಗಿಂತ ಕೆಟ್ಟವು ಜಾಸ್ತಿ ಬೇಕು, ಅದೂ ಒಂದೊಂದರಲ್ಲಿ ಒಂದೇ ಕೆಡುಕು ಇರುವ ಹಾಗೆ. ಅವಧಿ ಮುಗಿದದ್ದು, ಕೋಡ್ 10 ಬರಬೇಕು. ಬೇರೆ ಹೆಸರಿನದ್ದು, 62. ನಮ್ಮ ರೂಟ್ ಅಲ್ಲದ ಇನ್ಯಾವುದೋ ರೂಟ್ ಸಹಿ ಹಾಕಿದ್ದು. ಸಹಿಯ ಒಂದು ಬೈಟ್ ತಿರುಚಿದ್ದು. ಕ್ಲೈಂಟ್ ಪ್ರತಿಯೊಂದನ್ನೂ ಒದ್ದು ಹೊರಹಾಕಬೇಕು, ಸರಿಯಾದ ಕಾರಣ ಕೊಟ್ಟೇ ಹಾಕಬೇಕು. ಅವಧಿ ಮುಗಿದದ್ದನ್ನು ಹೆಸರು ತಪ್ಪು ಅಂತ ತಳ್ಳಿದರೆ ಆ ಟೆಸ್ಟ್ ಫೇಲ್ ಅಂತಲೇ ಬರೆಯಿರಿ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಜನ ಬಿಟ್ಟುಬಿಡುತ್ತಾರೆ. ಸಾದಾ ಸರ್ವರ್ ಸರ್ಟಿಫಿಕೇಟ್ ತೆಗೆದುಕೊಳ್ಳಿ, ‘ಸಿಎ ಫಾಲ್ಸ್’, ಅಂದರೆ ‘ಇದು ಅಥಾರಿಟಿ ಅಲ್ಲ’, ಅಂತ ಬರೆದಿರುವಂಥದ್ದು. ಅದರ ಕೀಯಿಂದ ಇನ್ನೊಂದು ಸರ್ಟಿಫಿಕೇಟ್‌ಗೆ ಸಹಿ ಹಾಕಿ ಸರಪಳಿ ಕಟ್ಟಿ. ಲೆಕ್ಕದ ಪ್ರಕಾರ ಎಲ್ಲ ಸಹಿಗಳೂ ಸರಿ, ಹೆಸರು ಸರಿ, ದಿನಾಂಕ ಸರಿ, ರೂಟ್ ನಮ್ಮದೇ. ಆದರೂ ಒಪ್ಪಬಾರದು, ಸಹಿ ಹಾಕುವ ಅಧಿಕಾರವೇ ಅದಕ್ಕಿಲ್ಲ. 2002ರಲ್ಲಿ ಭದ್ರತಾ ಸಂಶೋಧಕ ಮಾಕ್ಸಿ ಮಾರ್ಲಿನ್‌ಸ್ಪೈಕ್ ಇಂಟರ್ನೆಟ್ ಎಕ್ಸ್‌ಪ್ಲೋರರ್ ಇದನ್ನು ಒಪ್ಪಿಬಿಡುತ್ತದೆ ಅಂತ ತೋರಿಸಿದರು. ಒಂಬತ್ತು ವರ್ಷ ಬಿಟ್ಟು, 2011ರಲ್ಲಿ, ಐಫೋನ್‌ನಲ್ಲಿ ಅದೇ ದೋಷ ಸಿಕ್ಕಿ ಆ್ಯಪಲ್ 4.3.5 ಅಪ್‌ಡೇಟ್ ಬಿಡಬೇಕಾಯಿತು. ನಿಮ್ಮ ಕ್ಲೈಂಟ್‌ಗೆ ಈ ಸರಪಳಿಯನ್ನು ಇವತ್ತೇ ತೋರಿಸಿ. ಒಪ್ಪಿಕೊಂಡರೆ ಬಿಡುಗಡೆ ನಿಲ್ಲಿಸಿ, ಆ ಲಾಗ್ ಪೂರ್ತಿ ನನಗೆ ಕಳಿಸಿ.